ಭಂಗಾರವೋ, ಬಂಗಾರವೋ? ಹಳೆಯ ಹತ್ಯಾರಗಳ ತುಕ್ಕು ತೆಗೆಯುವ ಬಗೆ

(ನಮ್ಮ ಉಚಿತ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಕಾವ್ಯ, ಸಂಗೀತ, ನಾಡುನುಡಿಗಳ ಮೇಲೆ ಭಾಷಣಗಳಾಗುವುದು ವಾಡಿಕೆ. ಇಂದಿನ ವಿಷಯ ತುಕ್ಕು. ಕೆಲವರಿಗೆ ನಗು ಬಂದೀತು. ಆದರೆ ಇಲ್ಲಿ ಕುಳಿತವರಲ್ಲಿ ಬಡಗಿಗಳಿದ್ದಾರೆ, ಗೌಂಡಿಗಳಿದ್ದಾರೆ, ಫಿಟ್ಟರುಗಳಿದ್ದಾರೆ, ಕಲ್ಲುಕೆಲಸದವರಿದ್ದಾರೆ. ದಿನವೆಲ್ಲ ಕಾಗದಪತ್ರಗಳಲ್ಲಿ ಮುಳುಗಿರುವ ಕಾರಕೂನರ ಮನೆಯಲ್ಲಿಯೂ ಒಂದು ಈಳಿಗೆ, ಒಂದು ಕತ್ತರಿ, ಸೈಕಲ್ಲಿಗೆ ಬೇಕಾದ ಒಂದು ಪಾನಾ ಇದ್ದೇ ಇರುತ್ತವೆ. ಪುಣೆಯ ನಾಲ್ಕು ತಿಂಗಳ ಮಳೆಗಾಲಕ್ಕೆ ಇವರವರೆಂಬ ಭೇದವಿಲ್ಲ. ಎಲ್ಲರ ಕಬ್ಬಿಣವನ್ನೂ ಅದು ತಿನ್ನುತ್ತದೆ. ಆದಕಾರಣ ಇದು ನಮ್ಮೆಲ್ಲರ ವಿಷಯ.

ಈ ಊರಿಗೆ ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಬೆಳಗಾದರೆ ಗಲ್ಲಿಯಲ್ಲಿ ಒಂದು ವಿಚಿತ್ರವಾದ ಕೂಗು ಕೇಳಿಸುತ್ತದೆ: 'ಭಂಗಾರ್, ಭಂಗಾರ್!' ನಮ್ಮ ಮಾತಿನಲ್ಲಿ ಬಂಗಾರವೆಂದರೆ ಚಿನ್ನ. ಮರಾಠಿಯಲ್ಲಿ ಭಂಗಾರವೆಂದರೆ ಮುರುಕು ಸಾಮಾನು, ಗುಜರಿ. ಒಂದು ಮಹಾಪ್ರಾಣದಷ್ಟೇ ಅಂತರ. ಹಳೆಯ ಹತ್ಯಾರಗಳ ವಿಷಯದಲ್ಲಿಯೂ ಅಂತರ ಇಷ್ಟೇ ತೆಳ್ಳಗಿದೆ. ಕೆಂಪಗೆ ತುಕ್ಕು ಹಿಡಿದ ಒಂದು ಉಳಿಯನ್ನು ತೂಕಕ್ಕೆ ಹಾಕಿದರೆ ಅದು ಭಂಗಾರ. ಅದೇ ಉಳಿಯ ತುಕ್ಕನ್ನು ಕ್ರಮವರಿತು ತೆಗೆದು, ಮಸೆದು, ಹಿಡಿ ಹಾಕಿದರೆ ಮತ್ತೆ ಇಪ್ಪತ್ತು ವರ್ಷ ಒಂದು ಮನೆಗೆ ಅನ್ನ ಕೊಡಬಲ್ಲದು.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಬೆಳಗಿನ ಮಜೂರ ಅಡ್ಡಾದಲ್ಲಿ ನಿಂತವನನ್ನು ನೋಡಿರಿ. ಹತ್ಯಾರದ ಚೀಲ ಹೆಗಲಿಗಿದ್ದರೆ ಅವನು ಬಡಗಿ, ಅವನು ಗೌಂಡಿ. ಬರಿಗೈಯಲ್ಲಿ ನಿಂತರೆ, ಅದೇ ವಿದ್ಯೆ ಕೈಯಲ್ಲಿದ್ದರೂ, ಅವನು ಹೊರೆ ಹೊರುವ ಆಳು. ಎರಡು ಕೂಲಿಗಳ ಅಂತರ ಎಷ್ಟೆಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ಹೀಗಿರುವಾಗ ತಂದೆಯ ಕಾಲದ ಬಾಚಿ ಉಳಿಗಳು ಊರಿನ ಅಟ್ಟದ ಮೇಲೆ ಗೋಣಿಚೀಲದಲ್ಲಿ ತುಕ್ಕು ಹಿಡಿದು ಬಿದ್ದಿರುವುದೂ, ಮಗ ಇಲ್ಲಿ ಹತ್ಯಾರವಿಲ್ಲದೆ ಇಟ್ಟಿಗೆ ಹೊರುವುದೂ ನ್ಯಾಯವಲ್ಲ.

ಮೊದಲು ತುಕ್ಕು ಎಂದರೇನು ಎಂಬುದನ್ನು ತಿಳಿಯೋಣ. ಕಬ್ಬಿಣಕ್ಕೆ ನೀರು, ಗಾಳಿಯಲ್ಲಿರುವ ಆಮ್ಲಜನಕ, ಇವೆರಡೂ ಒಟ್ಟಿಗೆ ಸೋಕಿದಾಗ ತುಕ್ಕು ಹುಟ್ಟುತ್ತದೆ. ಎರಡರಲ್ಲಿ ಒಂದನ್ನು ತಡೆದರೂ ಸಾಕು, ಅದು ಹುಟ್ಟಲಾರದು. ಉಪ್ಪು ಸೇರಿದರೆ ಅದರ ವೇಗ ಹೆಚ್ಚು. ನಮ್ಮ ಬೆವರಿನಲ್ಲಿ ಉಪ್ಪಿದೆ, ಆದ್ದರಿಂದಲೇ ಹಿಡಿದು ಬಿಟ್ಟ ಗರಗಸದ ಮೇಲೆ ಮರುದಿನ ಬೆರಳಿನ ಗುರುತು ಕೆಂಪಗೆ ಮೂಡಿರುತ್ತದೆ. ಹಿತ್ತಾಳೆ ತಾಮ್ರಗಳ ಕಿಲುಬಿಗೂ ಕಬ್ಬಿಣದ ತುಕ್ಕಿಗೂ ಒಂದು ದೊಡ್ಡ ಭೇದವಿದೆ. ಕಿಲುಬು ಒತ್ತಾಗಿ ಕೂತು ತನ್ನ ಕೆಳಗಿನ ಲೋಹಕ್ಕೆ ತಕ್ಕಮಟ್ಟಿಗೆ ಹೊದಿಕೆಯಾಗುತ್ತದೆ. ಕೆಂಪು ತುಕ್ಕು ಸಡಿಲ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಜಾಗ ಹಿಡಿದು ಪದರ ಪದರವಾಗಿ ಏಳುತ್ತದೆ. ಸಂದುಗಳಲ್ಲಿ ತೇವವನ್ನು ಹಿಡಿದಿಟ್ಟುಕೊಂಡು ಇನ್ನೂ ಕೆಳಕ್ಕೆ ಇಳಿಯುತ್ತದೆ. ಕಟ್ಟಡದ ಕೆಲಸದವರು ಇದನ್ನು ಕಣ್ಣಾರೆ ಕಂಡಿರುತ್ತೀರಿ: ಕಾಂಕ್ರೀಟಿನೊಳಗಿನ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬಿ, ಗಟ್ಟಿ ಕಾಂಕ್ರೀಟನ್ನೇ ಸೀಳಿ ಹೊರಹಾಕುತ್ತದೆ.

ಆದರೆ ಕಬ್ಬಿಣದ ಮೇಲಿನ ಬಣ್ಣವೆಲ್ಲ ಶತ್ರುವೆಂದು ತಿಳಿಯಬಾರದು. ಹಳೆಯ ಹತ್ಯಾರದ ಮೇಲೆ ಒತ್ತಾಗಿ, ನುಣುಪಾಗಿ ಕೂತಿರುವ ಕರಿಬಣ್ಣ ಅದರ ರಕ್ಷಣೆಯೇ ಹೊರತು ರೋಗವಲ್ಲ. ದಿಲ್ಲಿಯ ಕಬ್ಬಿಣದ ಕಂಬ ಸುಮಾರು ೧೬೦೦ ವರ್ಷಗಳಿಂದ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಅಂಥದೇ ಒಂದು ಬಿಗಿಯಾದ ಪದರ ಅದರ ಮೇಲೆ ಕೂತಿದೆಯೆಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಷ್ಟು ದೂರ ಹೋಗುವುದೇಕೆ? ಮಳೆ ಧಾರಾಕಾರವಾಗಿ ಸುರಿಯುವ ನಮ್ಮ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿಯೂ ಹಳೆಯ ಕಬ್ಬಿಣದ ಕಂಬವೊಂದು ನಿಂತಿದೆ. ಆದ್ದರಿಂದ ಉಗುರಿಗೆ ಪುಡಿಪುಡಿಯಾಗಿ ಬರುವ ಕೆಂಪನ್ನು ತೆಗೆಯಿರಿ. ಒತ್ತಿ ಕೂತ ಕಪ್ಪನ್ನು ಬಿಡಿರಿ. ಹೊಳಪು ಬರಿಸುವುದು ಬೇರೆ, ತುಕ್ಕು ತೆಗೆಯುವುದು ಬೇರೆ.

ಇಂದಿನ ಭಾಷಣದಲ್ಲಿ ನೆನಪಿಡಬೇಕಾದ ಮಾತು ಒಂದೇ ಒಂದು: ತುಕ್ಕನ್ನು ತೆಗೆಯಿರಿ, ಉಕ್ಕನ್ನು ತೆಗೆಯಬೇಡಿರಿ.

ಉಕ್ಕು ಎಂಬ ಮಾತು ಬಂದಿತಾದ್ದರಿಂದ ಎರಡು ವಾಕ್ಯ ಹೇಳುತ್ತೇವೆ. ನಮ್ಮ ನಾಡಿನ ಕಮ್ಮಾರರು ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕನ್ನು ಐರೋಪ್ಯರು 'ವೂಟ್ಜ್' ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಎಂಬುದರಿಂದಲೇ ಬಂದಿರಬೇಕೆಂಬುದು ಬಹುಮಂದಿ ವಿದ್ವಾಂಸರ ಮತ. ೧೭೯೪ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಅದರ ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದನು. ಮರುವರ್ಷವೇ ಅಲ್ಲಿಯ ರಾಯಲ್ ಸೊಸೈಟಿಯಲ್ಲಿ ಅದರ ಪರೀಕ್ಷೆಯ ವರದಿಯನ್ನು ಓದಿದರು. ಉಕ್ಕಿನ ಬೆಲೆ ಇರುವುದು ಅದರ ತೂಕದಲ್ಲಿ ಅಲ್ಲ, ಹದದಲ್ಲಿ. ಉಳಿಯನ್ನು ಕೆಂಪಗೆ ಕಾಸಿ, ಅದ್ದಿ, ಮತ್ತೆ ಸುಮಾರು ೨೨೦ರಿಂದ ೨೪೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಮೆಲ್ಲಗೆ ಕಾಸಿದಾಗ ಒಣಹುಲ್ಲಿನ ಬಣ್ಣ ಬರುತ್ತದೆ. ಆ ಹದಕ್ಕೆ ನಿಲ್ಲಿಸಿದ ಅಲಗು ಮುರಿಯದೆ, ಮಣಿಯದೆ ಕೆಲಸ ಮಾಡುತ್ತದೆ. ಶಾಖ ೩೦೦ರ ಹತ್ತಿರಕ್ಕೆ ಏರಿ ನೀಲಿಬಣ್ಣ ಬಂದಿತೋ, ಉಳಿಯ ಹದ ಇಳಿಯಿತು. ಅದು ಮತ್ತೆ ಕುಲುಮೆಗೆ ಹೋಗದೆ ನೆಟ್ಟಗೆ ಕಡಿಯಲಾರದು.

ಇದನ್ನು ಹೇಳಲು ಕಾರಣವಿದೆ. ತುಕ್ಕು ತೆಗೆಯುವ ಆತುರದಲ್ಲಿ ಜನರು ಮಾಡುವ ಮೂರು ಕೆಲಸಗಳಿವೆ. ಮೂರೂ ತುಕ್ಕಿಗಿಂತ ಹೆಚ್ಚು ಹಾನಿ ಮಾಡುತ್ತವೆ. ಒಂದು, ಒಲೆಯಲ್ಲಿಟ್ಟು ಸುಡುವುದು: ತುಕ್ಕಿನ ಜೊತೆಗೆ ಹದವೂ ಹೋಗುತ್ತದೆ. ಎರಡು, ಮಿಂಚಿನ ವೇಗದಲ್ಲಿ ತಿರುಗುವ ಸಾಣೆಚಕ್ರಕ್ಕೆ ಒತ್ತುವುದು: ತೆಳುವಾದ ಅಲಗು ಕೆಲವೇ ಕ್ಷಣಗಳಲ್ಲಿ ನೀಲಿಯಾಗುತ್ತದೆ, ಸಮತಟ್ಟಾಗಿದ್ದ ಬೆನ್ನು ಡೊಂಕಾಗುತ್ತದೆ, ಮೇಲೆ ಒತ್ತಿದ್ದ ಕಾರಖಾನೆಯ ಮುದ್ರೆ ಅಳಿದುಹೋಗುತ್ತದೆ. ಮೂರು, ಪಾಯಖಾನೆ ತೊಳೆಯುವ ತೀವ್ರ ಆಮ್ಲದಲ್ಲಿ ಮುಳುಗಿಸಿಡುವುದು: ತುಕ್ಕು ಕರಗಿದ ಮೇಲೆ ಅದು ಕಬ್ಬಿಣವನ್ನೂ ಕರಗಿಸುತ್ತದೆ, ಗಟ್ಟಿ ಹದದ ಅಲಗು, ಸ್ಪ್ರಿಂಗುಗಳೊಳಗೆ ಜಲಜನಕ ಸೇರಿ ಅವು ಗಾಜಿನಂತೆ ಪಟ್ಟನೆ ಮುರಿಯಬಹುದು, ಅದರ ಆವಿ ಕೋಣೆಯಲ್ಲಿರುವ ಮಿಕ್ಕ ಹತ್ಯಾರಗಳಿಗೆಲ್ಲ ತುಕ್ಕು ತರುತ್ತದೆ. ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಆ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ತಗುಲಿದರೆ ಕ್ಲೋರಿನ್ ವಿಷವಾಯು ಏಳುತ್ತದೆ. ನಾಲ್ಕೈದು ಜನ ಒಂದೇ ಕೋಣೆಯಲ್ಲಿ ಮಲಗುವ ನಮ್ಮವರು ಇದನ್ನು ಎಂದಿಗೂ ಮರೆಯಬಾರದು.

ಇನ್ನು ಹಳೆಯ ಹತ್ಯಾರ ಎಲ್ಲಿ ಸಿಕ್ಕೀತು, ಹೇಗೆ ಆರಿಸಬೇಕು ಎಂಬ ಪ್ರಶ್ನೆ. ಮಂಗಳವಾರ ಪೇಠೆಯ ಬಳಿ ಭಾನುವಾರ, ಬುಧವಾರಗಳಂದು ನೆರೆಯುತ್ತ ಬಂದಿರುವ ಜೂನಾ ಬಜಾರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನೆಲದ ಮೇಲೆ ಹಾಸಿದ ತಟ್ಟಿನ ಮೇಲೆ ಕೀಲಿಕೈ, ಗಡಿಯಾರ, ನಾಣ್ಯಗಳ ನಡುವೆ ಸುತ್ತಿಗೆ, ಪಾನಾ, ಇಕ್ಕಳ, ಅರಗಳೂ ಬಿದ್ದಿರುತ್ತವೆ. ಅಲ್ಲಿ ಕೊಳ್ಳುವಾಗ ಬಣ್ಣವನ್ನು ನೋಡಬೇಡಿರಿ, ಗುಳಿಯನ್ನು ನೋಡಿರಿ. ಮೇಲ್ಮೈಯ ಕೆಂಪು ಎಷ್ಟಿದ್ದರೂ ಹೋಗುತ್ತದೆ. ತುಕ್ಕು ಕೊರೆದ ಗುಳಿ ಹೋಗುವುದಿಲ್ಲ. ಆ ಗುಳಿಗಳು ಹಿಡಿಯ ಕಡೆಗಿದ್ದರೆ ಚಿಂತೆಯಿಲ್ಲ. ಉಳಿಯ ಬೆನ್ನಿನಲ್ಲಿ, ಅಲಗಿನ ತುದಿಗೆ ಹತ್ತಿರವಾಗಿ ಆಳದ ಗುಳಿಗಳಿದ್ದರೆ ಬಿಟ್ಟುಬಿಡಿರಿ. ಎಷ್ಟು ಮಸೆದರೂ ಮೊನೆ ಹಲ್ಲುಹಲ್ಲಾಗಿಯೇ ಇರುತ್ತದೆ. ನೀಲಿಯ ಕಲೆ, ಬೆಸುಗೆ ಹಾಕಿದ ಗುರುತು, ಕೂದಲೆಳೆಯಂಥ ಬಿರುಕು, ಇವು ಮೂರೂ ಕೆಟ್ಟ ಲಕ್ಷಣಗಳು. ಗರಗಸವನ್ನು ಬಾಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲಬೇಕು. ಮರದ ಹಿಡಿ ಮುರಿದಿದ್ದರೆ ಅದನ್ನು ದೋಷವೆಂದು ಎಣಿಸಬೇಡಿರಿ. ಬೆಲೆ ಇಳಿಸಲು ಅದೊಂದು ನೆಪವಷ್ಟೆ. ಚಾಣದ ತಲೆ ಪೆಟ್ಟು ತಿಂದು ಅಣಬೆಯಂತೆ ಅಗಲಿಸಿದ್ದರೆ ಆ ಅಂಚನ್ನು ಮೊದಲು ಅರೆದು ತೆಗೆಯಬೇಕು. ಅದರ ಚೂರು ಸಿಡಿದರೆ ಕಣ್ಣು ಹೋಗುತ್ತದೆ.

ಒಂದು ಸಣ್ಣ ಗುಳಿಯಿಂದ ಏನಾದೀತು ಎನ್ನುವವರು ಒಮ್ಮೆ ಕಸಬಾ ಪೇಠೆಯ ತಾಂಬಟ ಆಳಿಯ ಕಡೆಗೆ ಹೋಗಬೇಕು. ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸ ನಡೆದುಬಂದ ಗಲ್ಲಿಯದು. ತಯಾರಾದ ಹಂಡೆ ಕೊಳಗಗಳ ಮೇಲೆ ಸಾಲುಸಾಲಾಗಿ ಸುತ್ತಿಗೆಯ ಪೆಟ್ಟು ಹಾಕಿ ಗಟ್ಟಿಗೊಳಿಸಿ ಹೊಳಪು ತರುವುದಕ್ಕೆ ಅವರು ಮಠಾರಕಾಮ ಎನ್ನುತ್ತಾರೆ. ಆ ಹೊಳಪು ತಾಮ್ರದ್ದಷ್ಟೇ ಅಲ್ಲ, ಸುತ್ತಿಗೆಯ ಮುಖದ್ದು. ಸುತ್ತಿಗೆಯ ಮುಖ ಕನ್ನಡಿಯಂತಿದ್ದರೆ ಪ್ರತಿಯೊಂದು ಪೆಟ್ಟೂ ಕನ್ನಡಿ. ಅದರಲ್ಲಿ ತುಕ್ಕಿನ ಒಂದು ಗುಳಿಯಿದ್ದರೆ ಪ್ರತಿಯೊಂದು ಪೆಟ್ಟಿನಲ್ಲೂ ಆ ಗುಳಿ ಅಚ್ಚಾಗುತ್ತದೆ. ಹತ್ಯಾರದ ಮೈ ಹೇಗೋ ಕೆಲಸದ ಮೈ ಹಾಗೆ.

ಈಗ ತುಕ್ಕು ತೆಗೆಯುವ ಕ್ರಮ. ಇದಕ್ಕೆ ದೊಡ್ಡ ಸಾಮಗ್ರಿ ಬೇಡ.

ಮೊದಲನೆಯದಾಗಿ, ಹತ್ಯಾರವನ್ನು ಬಿಚ್ಚಿರಿ. ಉಜ್ಜುಗೊರಡಿನ ಅಲಗು, ತಿರುಪು, ಮರದ ಹಿಡಿ ಎಲ್ಲ ಬೇರೆ ಬೇರೆಯಾಗಲಿ. ಬಿಗಿದುಕೊಂಡ ತಿರುಪಿಗೆ ಸೀಮೆಎಣ್ಣೆಯನ್ನೋ ತೆಳುವಾದ ಯಂತ್ರದ ಎಣ್ಣೆಯನ್ನೋ ಹನಿಸಿ ಒಂದು ರಾತ್ರಿ ಬಿಟ್ಟರೆ ಸಡಿಲವಾಗುತ್ತದೆ. ಸೀಮೆಎಣ್ಣೆ ತುಕ್ಕನ್ನು ಕರಗಿಸುವುದಿಲ್ಲ, ಸಂದಿಗೆ ಇಳಿದು ಜಾರಿಸುತ್ತದೆ ಅಷ್ಟೆ. ಒಲೆ, ಬೀಡಿಗಳಿಂದ ಅದನ್ನು ದೂರವಿಡಿರಿ. ಆಮೇಲೆ ಸಾಬೂನು ನೀರಿನಿಂದ ಜಿಡ್ಡನ್ನೂ ಮಣ್ಣನ್ನೂ ತೊಳೆಯಿರಿ. ಜಿಡ್ಡಿದ್ದಲ್ಲಿ ಮುಂದಿನ ಔಷಧ ತಗಲುವುದಿಲ್ಲ.

ಎರಡನೆಯದಾಗಿ, ಸಡಿಲಾದ ತುಕ್ಕನ್ನು ತಂತಿಯ ಬ್ರಶ್ಶಿನಿಂದಲೋ ಇಟ್ಟಿಗೆಯ ನುಣುಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿಯೋ ಉಜ್ಜಿ ತೆಗೆಯಿರಿ. ಎಣ್ಣೆ ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಹಳೆಯ ಬಣ್ಣವಿದ್ದ ಹತ್ಯಾರವನ್ನು ಒಣದಾಗಿ ಎಂದೂ ಉಜ್ಜಬೇಡಿರಿ. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು, ಅದರ ಧೂಳು ಮಕ್ಕಳಿಗೆ ವಿಷ. ತೆಳು ತುಕ್ಕಾದರೆ ಕೆಲಸ ಇಲ್ಲಿಗೇ ಮುಗಿಯಿತು. ನೆನೆಹಾಕುವ ಗೊಡವೆ ಬೇಡ.

ಮೂರನೆಯದಾಗಿ, ಗಟ್ಟಿ ತುಕ್ಕಿಗೆ ಮೆದುವಾದ ಹುಳಿ. ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ತಿಕ್ಕುವ ನಮ್ಮ ತಾಯಂದಿರು ಈ ಶಾಸ್ತ್ರವನ್ನು ಆಗಲೇ ಬಲ್ಲರು. ಕಿರಾಣಿ ಅಂಗಡಿಯಲ್ಲಿ ನಿಂಬೂಸತ್ವವೆಂದು ಕೇಳಿದರೆ ಸಿಗುವ ಬಿಳಿಯ ಹರಳು, ಅಂದರೆ ಸಿಟ್ರಿಕ್ ಆಮ್ಲ, ಎಲ್ಲಕ್ಕಿಂತ ಅನುಕೂಲ. ಒಂದು ಲೀಟರು ನೀರಿಗೆ ಸುಮಾರು ೫೦ ಗ್ರಾಂ ಹಾಕಿ, ಪ್ಲಾಸ್ಟಿಕ್ ಬಕೀಟಿನಲ್ಲಿ ಹತ್ಯಾರ ಪೂರ್ತಿ ಮುಳುಗುವಂತೆ ಇಡಿರಿ. ಅರ್ಧ ಮುಳುಗಿದ್ದರೆ ನೀರಿನ ಗೆರೆಯಲ್ಲಿ ಕೊರೆದುಬಿಡುತ್ತದೆ. ಎರಡು ಗಂಟೆಗೊಮ್ಮೆ ತೆಗೆದು ಬ್ರಶ್ಶಿನಿಂದ ಉಜ್ಜಿ ನೋಡಿರಿ. ಕೆಂಪು ಹೋಯಿತೆಂದರೆ ನಿಲ್ಲಿಸಿರಿ. ಮರೆತು ಎರಡು ಮೂರು ದಿನ ಬಿಟ್ಟರೆ ಈ ಮೆದು ಹುಳಿಯೂ ಉಕ್ಕನ್ನು ತಿನ್ನತೊಡಗುತ್ತದೆ. ಅಡಿಗೆಯ ವಿನೆಗರಿನಲ್ಲೂ ಇದೇ ಕೆಲಸವಾಗುತ್ತದೆ, ಕೊಂಚ ನಿಧಾನ.

ಅವಸರವಿಲ್ಲದವರಿಗೆ ಇನ್ನೊಂದು ಉಪಾಯವುಂಟು: ಸಕ್ಕರೆ ಕಾರಖಾನೆಯ ಕಾಕಂಬಿ. ಕಬ್ಬಿನ ಸೀಮೆಯಾದ ಕೊಲ್ಲಾಪುರ, ಬೆಳಗಾವಿಯ ಕಡೆಯವರಿಗೆ ಇದು ಅಪರಿಚಿತವಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೆ ಅದರಲ್ಲಿನ ಪದಾರ್ಥಗಳು ತುಕ್ಕನ್ನು ಹಿಡಿದು ಎಳೆದುಕೊಳ್ಳುತ್ತವೆ. ಉಕ್ಕಿಗೆ ಅಷ್ಟಾಗಿ ಹಾನಿಯಿಲ್ಲ. ವಾಸನೆ ಮಾತ್ರ ಸಹಿಸುವುದು ಕಷ್ಟ. ಚಾಳಿನಲ್ಲಿರುವವರು ನೆರೆಯವರ ಸ್ನೇಹವನ್ನು ಯೋಚಿಸಿ ಈ ಕೆಲಸಕ್ಕೆ ಕೈಹಾಕಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಹುಳಿಯಿಂದ ತೆಗೆದ ಹತ್ಯಾರವನ್ನು ವಾಶಿಂಗ್ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಹುಳಿಯ ಅಂಶವನ್ನು ಕೊಲ್ಲಿರಿ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಆ ಕ್ಷಣವೇ ಬಟ್ಟೆಯಿಂದ ಒರಸಿ, ಬಿಸಿಲಿನಲ್ಲಿ ಕಾಯಿಸಿ, ಕೈಗೆ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿರಿ. ಹೊಸದಾಗಿ ತೊಳೆದ ಬೆತ್ತಲೆ ಉಕ್ಕಿಗೆ ಕೆಲವೇ ನಿಮಿಷಗಳಲ್ಲಿ ಕಿತ್ತಳೆಯ ಬಣ್ಣ ಏರುತ್ತದೆ. ಊಟ ಮಾಡಿ ಬಂದು ಒರಸುತ್ತೇವೆಂದರೆ ಅಷ್ಟು ಹೊತ್ತಿನ ಶ್ರಮ ನೀರಪಾಲು. ಹೊಲಿಗೆಯಂತ್ರದ ಎಣ್ಣೆ, ವ್ಯಾಸಲೀನು, ಜೇನುಮೇಣ ಇವು ಯಾವುದಾದರೂ ಸರಿ. ಶೇಂಗಾ ಎಣ್ಣೆ ಬೇಡ. ಅದು ದಿನಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಉತ್ತಮ. ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಅದು ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತುಕ್ಕು ತಾಗಿ ಗಾಯವಾದರೆ ಧನುರ್ವಾಯು ಬರುತ್ತದೆಂದು ಜನ ಹೇಳುತ್ತಾರೆ. ತುಕ್ಕಿನಿಂದ ಧನುರ್ವಾಯು ಹುಟ್ಟುವುದಿಲ್ಲ. ಮಣ್ಣು ಸಗಣಿಗಳಲ್ಲಿರುವ ರೋಗಾಣುವಿನಿಂದ ಹುಟ್ಟುತ್ತದೆ. ಹಳೆಯ ಹತ್ಯಾರಕ್ಕೆ ಮಣ್ಣು ಮೆತ್ತಿರುವುದರಿಂದ ಅಪಾಯ ನಿಜವೇ. ಹೊಚ್ಚಹೊಸ ಗುದ್ದಲಿ ತಾಗಿದರೂ ಅದೇ ಅಪಾಯ. ಗಾಯವನ್ನು ಸಾಬೂನಿನಿಂದ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ವಿಷಯ ಕೇಳಿರಿ.

ಪುಣೆಯಲ್ಲಿರುವ ನಾವು ನೆರೆಯ ಮಾತನ್ನೂ ಆಡಲೇಬೇಕು. ೧೯೬೧ರ ಜುಲೈ ೧೨ರಂದು ಪಾನಶೇತದ ಒಡ್ಡು ಒಡೆಯಿತು. ನಮ್ಮ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ಹೂಡಿದ್ದ ಖಡಕವಾಸಲೆಯ ಒಡ್ಡೂ ಆ ನೀರಿಗೆ ತಡೆಯಲಿಲ್ಲ. ಮುಠಾ ನದಿ ಹಳೆಯ ಪೇಠೆಗಳೊಳಗೆ ನುಗ್ಗಿತು. ನೀರು ಇಳಿದ ಮೇಲೆ ಮನೆ ಅಂಗಡಿಗಳಲ್ಲಿ ಉಳಿದದ್ದು ಕೆಸರು. ಅದೇನು ಹಳೆಯ ಕತೆಯೆನ್ನಬೇಡಿರಿ. ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಹರಿಯಿತು. ೨೦೨೪ರ ಜುಲೈಯಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ಹೊಕ್ಕಿತು. ಹಳ್ಳದ ದಂಡೆ, ತಗ್ಗಿನ ವಸತಿ, ಇವೇ ಅಲ್ಲವೆ ಬಡವರಿಗೆ ಬಾಡಿಗೆಗೆ ಸಿಗುವ ಜಾಗಗಳು? ಅಂಥ ಸಮಯದಲ್ಲಿ ಮೊದಲು ಪ್ರಾಣ, ಆಮೇಲೆ ಕಾಗದಪತ್ರ. ಹತ್ಯಾರ ಕಡೆಗೆ ಎಂಬುದು ಸರಿಯೇ. ಆದರೆ ನೀರು ಇಳಿದ ಮೇಲೆ ಹತ್ಯಾರವನ್ನು ಕಡೆಗಾಣಿಸಬೇಡಿರಿ. ಕಬ್ಬಿಣ ನೀರಿನಲ್ಲಿ ಮುಳುಗಿರುವಾಗಿನದಕ್ಕಿಂತ ಒದ್ದೆಯಾಗಿ ಗಾಳಿಗೆ ಬಂದಾಗಲೇ ಬೇಗ ಕೆಡುತ್ತದೆ. ಮೆತ್ತಿದ ಕೆಸರು ವಾರಗಟ್ಟಲೆ ತೇವ ಹಿಡಿಯುತ್ತದೆ. ಅದೇ ದಿನ ಒಳ್ಳೆಯ ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಬಳಿದು ಇಟ್ಟರೆ ಮುಂದೆ ನಿಧಾನವಾಗಿ ಸರಿಪಡಿಸಬಹುದು. ಒಂದು ಬಟ್ಟಲು ಎಣ್ಣೆಯಿಂದ ಒಬ್ಬ ಬಡಗಿಯ ಜೀವನೋಪಾಯ ಉಳಿಯುತ್ತದೆ. ನೆರೆ ಬಂದಾಗ ಅಕ್ಕಿ, ಹೊದಿಕೆಗಳ ಜೊತೆಗೆ ಎಣ್ಣೆಯ ಡಬ್ಬಿಯನ್ನೂ ಹಂಚಬೇಕೆಂದು ನಾವು ಸೂಚಿಸುತ್ತೇವೆ.

ಇಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಗೋಣಿಚೀಲ ತೇವ ಹೀರುತ್ತದೆ. ಅದು ಹೊರುವುದಕ್ಕೆ ಸರಿ, ಇಡುವುದಕ್ಕಲ್ಲ. ನೆಲಕ್ಕೂ ಗೋಡೆಗೂ ತಗಲದಂತೆ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಡಿರಿ. ಸಂಜೆ ಕೆಲಸ ಬಿಡುವಾಗ ಬೆವರಿನ ಗುರುತನ್ನು ಒರಸಿರಿ. ಗೌಂಡಿಗಳು ಕರಣಿಗೆ ಅಂಟಿದ ಸಿಮೆಂಟನ್ನು ಹಸಿಯಿರುವಾಗಲೇ ತೊಳೆದು ಒರಸಲಿ. ಪೆಟ್ಟಿಗೆಯಲ್ಲಿ ಕರ್ಪೂರದ ತುಂಡು ಇಡುವ ರೂಢಿಯುಂಟು. ಇಡಿರಿ, ಆದರೆ ಅದು ಎಣ್ಣೆಗೆ ಬದಲಲ್ಲ.

ನಮ್ಮ ಹಿರಿಯರು ಮಹಾನವಮಿಯಂದು ಆಯುಧಪೂಜೆಯನ್ನು ಇಟ್ಟರು. ಇಲ್ಲಿಯವರು ಅದನ್ನೇ ಖಂಡೇನವಮಿ ಎನ್ನುತ್ತಾರೆ. ಆ ಹಬ್ಬ ಮಳೆಗಾಲದ ಕೊನೆಗೆ ಬರುವುದನ್ನು ಗಮನಿಸಿರಿ. ನಾಲ್ಕು ತಿಂಗಳ ತೇವ ಕುಡಿದ ಹತ್ಯಾರಗಳನ್ನು ಹೊರಗೆ ತೆಗೆದು ತೊಳೆದು ಒರಸಲು ಅದಕ್ಕಿಂತ ಯುಕ್ತವಾದ ದಿನವಿಲ್ಲ. ಆದರೆ ಪೂಜೆಯಾದ ಮೇಲೆ ನಾವು ಒಂದು ತಪ್ಪು ನಡೆಯುವುದನ್ನು ಎಲ್ಲೆಲ್ಲೂ ಕಾಣುತ್ತೇವೆ: ಹಸಿ ಅರಿಸಿನ ಕುಂಕುಮ, ನಿಂಬೆಯ ಹೋಳು, ಒದ್ದೆ ಹೂವು ಅಲಗಿನ ಮೇಲೆಯೇ ಉಳಿದು, ಪೂಜೆ ಮಾಡಿದ ಜಾಗದಲ್ಲಿಯೇ ಹೊಸ ತುಕ್ಕು ಮೊಳೆಯುತ್ತದೆ. ವಿಜಯದಶಮಿಯ ಬೆಳಿಗ್ಗೆ ಅದನ್ನು ಒರಸಿ ಎಣ್ಣೆ ಹಚ್ಚಿದರೆ ದೇವಿಗೆ ಕೋಪ ಬಾರದು. ಇದರ ಜೊತೆಗೆ ಇನ್ನೊಂದು ದಿನವನ್ನೂ ಗೊತ್ತುಮಾಡಿಕೊಳ್ಳಿರಿ: ಜೂನ್ ಮೊದಲ ವಾರ, ಮೃಗಶಿರೆ ಮಳೆ ಹೂಡುವ ಮುನ್ನ. ಮಿರಗಕ್ಕೆ ಮೊದಲು ಒಮ್ಮೆ ಎಣ್ಣೆ, ನವಮಿಗೆ ಒಮ್ಮೆ ಶುದ್ಧಿ. ವರ್ಷಕ್ಕೆ ಎರಡು ದಿನ ಕೊಟ್ಟರೆ ಹತ್ಯಾರ ಉಳಿದ ದಿನಗಳನ್ನೆಲ್ಲ ನಿಮಗೆ ಕೊಡುತ್ತದೆ.

ಬಂಧುಗಳೇ, ಊರಿಗೆ ಹೋದಾಗ ಅಟ್ಟದ ಮೇಲಿನ ಚೀಲವನ್ನು ಬಿಚ್ಚಿ ನೋಡಿರಿ. ಉಗುರಿನಿಂದ ಕೆರೆದು, ಕೆಂಪಿನ ಕೆಳಗೆ ಬೂದಿಬಣ್ಣದ ಗಟ್ಟಿ ಉಕ್ಕು ಕಂಡರೆ ಅದನ್ನು ತೂಕಕ್ಕೆ ಹಾಕಬೇಡಿರಿ. ಬರುವಾಗ ಜೊತೆಗೆ ತನ್ನಿರಿ. ಕ್ರಮವನ್ನು ಒಟ್ಟಿಗೆ ಕುಳಿತು ಮಾಡಿ ನೋಡಬೇಕೆನ್ನುವವರು ಭಾನುವಾರ ವಾಚನಾಲಯದ ಅಂಗಳಕ್ಕೆ ಒಂದು ಬಕೀಟು, ಒಂದು ಹಳೆಯ ಬಟ್ಟೆ ತೆಗೆದುಕೊಂಡು ಬನ್ನಿರಿ. ಬಡಗಿಗಳು ಕಾರಕೂನರಿಗೆ ಈಳಿಗೆ ಮಸೆಯುವುದನ್ನು ತೋರಿಸಲಿ. ಕಾರಕೂನರು ಬಡಗಿಗಳಿಗೆ ಅರ್ಜಿ ಬರೆದುಕೊಡಲಿ. ಪತ್ರಿಕೆಗಳ ಮೇಲೆ ಮಾತ್ರ ಎಣ್ಣೆಯ ಕೈ ಇಡದಿರಲೆಂದು ಗ್ರಂಥಪಾಲಕರ ಪರವಾಗಿ ಬೇಡಿಕೊಳ್ಳುತ್ತೇವೆ.